ಎಂಜಲು ಬೇಡಿದ ಬಸವಕುಮಾರರು

ಬಸವಕುಮಾರರು ಇಪ್ಪತ್ತೆರಡು ವರ್ಷಗಳಿಂದ ಪ್ರಶ್ನೆ ಕೇಳಿಕೊಂಡು ಬದುಕುತ್ತಿರುವವರು. ಉತ್ತರ ಹೇಳಿ ಅವರಿಗೆ ಅಭ್ಯಾಸವಿಲ್ಲ. ಮನೆಯಲ್ಲಿ ಹೆಂಡತಿ ಶಿವಮ್ಮ "ಸೊಪ್ಪು ತಂದ್ರಾ?" ಎಂದು ಕೇಳಿದರೆ, "ಯಾವ ಸೊಪ್ಪು? ಎಷ್ಟು ಕಟ್ಟು? ಸಾರಿಗೋ ಪಲ್ಯಕ್ಕೋ?" ಎಂದು ಮೂರು ಮರುಪ್ರಶ್ನೆ ಹಾಕಿ, ಸೊಪ್ಪು ತರದೆ ಬಂದ ಸಂಗತಿಯನ್ನು ನಾಲ್ಕನೆಯ ಪ್ರಶ್ನೆಯೊಳಗೆ ಮುಚ್ಚಿಬಿಡುತ್ತಾರೆ.

ಹುಟ್ಟಿದ್ದು ಯಳಂದೂರು ತಾಲ್ಲೂಕಿನ ಹೊನ್ನೂರು. ಮನೆ ಮಾಡಿರುವುದು ಕೊಳ್ಳೇಗಾಲದಲ್ಲಿ. ಸಮಾಜಶಾಸ್ತ್ರದ ಎಂ.ಎ. ಮಾಡಿದ್ದು ಅಂಚೆಯ ಮೂಲಕ. ಗೇಟಿಗೆ ತಗುಲಿಸಿದ ಫಲಕದಲ್ಲಿ "ಬಸವಕುಮಾರ್, ಎಂ.ಎ., ಸಂಶೋಧಕರು" ಎಂದು ಬರೆಸಿದ್ದಾರೆ. ಆ ಫಲಕವನ್ನು ಇದುವರೆಗೆ ಗಮನವಿಟ್ಟು ಓದಿದವನು ಪೇಂಟರ್ ಒಬ್ಬನೇ. ಅವನೂ 'ಶ'ಕಾರದ ಕೊಂಬು ಸರಿಯಾಗಿದೆಯೋ ಇಲ್ಲವೋ ನೋಡಲು. ಮಿಕ್ಕ ಲೋಕವೆಲ್ಲ ಅವರನ್ನು "ಸರ್ವೆಯವರು" ಎಂದೇ ಕರೆಯುತ್ತದೆ. ಶೌಚಾಲಯದ ಸರ್ವೆ, ಕ್ಷಯದ ಸರ್ವೆ, ಸೊಳ್ಳೆ ಪರದೆಯ ಸರ್ವೆ, ಹಿಂದಿನ ಸರ್ವೆ ಮಾಡಿದವರು ನಿಜವಾಗಿ ಬಂದಿದ್ದರೋ ಇಲ್ಲವೋ ಎಂಬ ಸರ್ವೆ, ಎಲ್ಲವನ್ನೂ ಮಾಡಿ ಮುಗಿಸಿದವರು ಅವರು. ಕೊಳ್ಳೇಗಾಲ, ಹನೂರು, ಯಳಂದೂರು, ಈ ಮೂರು ತಾಲ್ಲೂಕುಗಳಲ್ಲಿ ಅವರು ಕೂರದ ಜಗಲಿಯಿಲ್ಲ, ಅವರನ್ನು ಅಟ್ಟಿಸಿಕೊಂಡು ಬರದ ನಾಯಿಯೂ ಇಲ್ಲ.

ಜಗಲಿ ಎಂದೆನಲ್ಲ, ಅವರ ಜೀವನದ ಕೊರತೆ ಇರುವುದೂ ಅಲ್ಲೇ. ಇಪ್ಪತ್ತೆರಡು ವರ್ಷ ಅವರು ಜಗಲಿಯ ಮೇಲೆ, ಚಾಪೆಯ ಮೇಲೆ, ಮಗುಚಿದ ಬಕೆಟ್ಟಿನ ಮೇಲೆ, ಒಮ್ಮೆ ಬೀಸುಕಲ್ಲಿನ ಮೇಲೆ ಕೂತಿದ್ದಾರೆ. ತಮ್ಮದೆನ್ನುವ ಒಂದು ಕುರ್ಚಿ ಸಿಗಲಿಲ್ಲ. ಕುರ್ಚಿ ಇರುವುದು ಮೇಲ್ವಿಚಾರಕರಿಗೆ. ಎರಡು ಕೈಯಿರುವ, ಕೂತಲ್ಲೇ ಸುತ್ತುವ ಕುರ್ಚಿ. ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಮನುಷ್ಯ ಮೋಕ್ಷಕ್ಕೆ ಆಸೆಪಡಬೇಕೆಂದು ಬಲ್ಲವರು ಹೇಳಬಹುದು. ಬಸವಕುಮಾರರು ಸುತ್ತುವ ಕುರ್ಚಿಗೆ ಆಸೆಪಟ್ಟರು.

ಆ ಆಸೆಗೆ ದಾರಿ ತೋರಿಸಿದ್ದು ಮೈಸೂರಿನ ಒಂದು ಸಂಸ್ಥೆಯ ಹೊಸ ಯೋಜನೆ. ಅದರ ಹೆಸರು "ವ್ಯಸನಕಾರಿ ವಸ್ತುಗಳ ಬಳಕೆ ಮತ್ತು ಸಂಬಂಧಿತ ಆರೋಗ್ಯ ನಡವಳಿಕೆಗಳ ಕುರಿತ ಸಮುದಾಯ ಆಧಾರಿತ ಅಧ್ಯಯನ". ಈ ಹೆಸರನ್ನು ಪೂರ್ತಿ ಹೇಳಿ ಮುಗಿಸುವಷ್ಟರಲ್ಲಿ ಎದುರಿಗಿದ್ದವನು ಒಂದು ಬೀಡಿ ಸೇದಿ ಮುಗಿಸಬಹುದು. ಯೋಜನೆಯ ಮುಖ್ಯಸ್ಥೆ ಡಾಕ್ಟರ್ ಸಿಂಧು, ಮೂವತ್ತೊಂದು ವರ್ಷದ ಹುಡುಗಿ. ಕೊಳ್ಳೇಗಾಲದ ಕಲ್ಯಾಣಮಂಟಪವೊಂದರಲ್ಲಿ ತರಬೇತಿ ನಡೆಸಿ ಆಕೆ ಮೂರು ವಿಷಯ ಹೇಳಿದರು. ಮೊದಲನೆಯದು, ಚಟದ ಬಗ್ಗೆ ಕೇಳಿದರೆ ಜನ ಸುಳ್ಳು ಹೇಳುತ್ತಾರೆ, ಆದ್ದರಿಂದ ಪ್ರಶ್ನೆ ಕೇಳಿದ ಮಾರನೆಯ ದಿನ ಎಂಜಲನ್ನೂ ಸಂಗ್ರಹಿಸಬೇಕು. ಎಂಜಲು ಸುಳ್ಳು ಹೇಳುವುದಿಲ್ಲ. ಒಂದು ಹನಿಯನ್ನು ಕಾಗದದ ಪಟ್ಟಿಯ ಮೇಲೆ ಬಿಟ್ಟರೆ, ಅದರಲ್ಲಿ ತಂಬಾಕಿನ ಅಂಶ ಎಷ್ಟಿದೆಯೋ ಅದಕ್ಕೆ ತಕ್ಕಂತೆ ಸೊನ್ನೆಯಿಂದ ಆರರವರೆಗೆ ಬಣ್ಣ ಏರುತ್ತದೆ. ಎರಡನೆಯದು, ಊರಿಗೆ ನಲವತ್ತು ಜನರ ಎಂಜಲು ಶನಿವಾರದೊಳಗೆ ಬರಬೇಕು. ಯಾರು ಪೂರ್ತಿ ತರುತ್ತಾರೋ ಅವರೇ ಮೇಲ್ವಿಚಾರಕರು. ಮೂರನೆಯದು, ಯೋಜನೆಯಲ್ಲಿ ಕೆಲಸ ಮಾಡುವವರು ಯಾವ ರೂಪದಲ್ಲೂ ತಂಬಾಕು ಬಳಸುವಂತಿಲ್ಲ. ಹಾಗೆಂದು ಎಲ್ಲರೂ ಬರೆದುಕೊಡಬೇಕು.

ಮೊದಲು ಎದ್ದುಹೋಗಿ ಸಹಿ ಹಾಕಿದವರು ಬಸವಕುಮಾರರು. ಸಹಿ ಮಾಡುವಾಗ ಒಂದು ಮಾತೂ ಆಡಲಿಲ್ಲ. ಆ ಗಾಂಭೀರ್ಯ ಸಿಂಧು ಅವರಿಗೆ ಹಿಡಿಸಿತು. ಮಾತಾಡದಿದ್ದುದಕ್ಕೆ ಕಾರಣವೆಂದರೆ, ಆಗ ಅವರ ಎಡದವಡೆಯಲ್ಲಿ ಸುಣ್ಣ ಹಚ್ಚಿ ಉಜ್ಜಿದ ಹೊಗೆಸೊಪ್ಪಿನ ಒಂದು ಉಂಡೆ ಕೂತಿತ್ತು.

ಇದರಿಂದ ಅವರು ಸುಳ್ಳುಗಾರರೆಂದು ತಿಳಿಯಬಾರದು. ಬಸವಕುಮಾರರಿಗೆ ಯಾವ ಚಟವೂ ಇಲ್ಲ ಎಂದು ಬಸವಕುಮಾರರು ಮನಸಾರೆ ನಂಬಿದ್ದರು. ಹೊಗೆಸೊಪ್ಪು ಅವರಿಗೆ ಔಷಧಿ. ೧೯೯೯ರಲ್ಲಿ ಮೇಲಿನ ಎಡದವಡೆ ಹಲ್ಲು ವಿಪರೀತ ನೋಯುತ್ತಿದ್ದಾಗ ಯಾರೋ ಕೊಟ್ಟ ಒಂದು ಚಿಟಿಕೆಯಿಂದ ನೋವು ನಿಂತಿತು. ೨೦೦೪ರಲ್ಲಿ ದಂತವೈದ್ಯರು ಆ ಹಲ್ಲನ್ನೇ ಕಿತ್ತರು. ಹಲ್ಲು ಹೋದ ಮಾತ್ರಕ್ಕೆ ಔಷಧಿ ನಿಲ್ಲಿಸಬಾರದು ಎಂಬುದು ಬಸವಕುಮಾರರ ಸ್ವಂತ ಸಂಶೋಧನೆ. ದಿನಕ್ಕೆ ಏಳೆಂಟು ಸಲ, ಊಟಕ್ಕೆ ಮುಂಚೆ, ಊಟದ ನಂತರ, ಮತ್ತು ಊಟವಿಲ್ಲದಾಗ. ಸಾಮಗ್ರಿಯನ್ನು ಕನ್ನಡಕದ ಡಬ್ಬಿಯಲ್ಲಿ ಹಾಕಿ ಟಿವಿಎಸ್ ಗಾಡಿಯ ಪಕ್ಕದ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಶಿವಮ್ಮನಿಗೆ ಇದು ಗೊತ್ತಿಲ್ಲ ಎಂಬುದು ಅವರ ಇನ್ನೊಂದು ಸಂಶೋಧನೆ.

ಅವರ ಪಾಲಿಗೆ ಬಂದ ಊರು ಹನೂರು ತಾಲ್ಲೂಕಿನ ಕಾಡಂಚಿನ ಲೊಕ್ಕನಹಳ್ಳಿ. ಯಳಂದೂರಿನ ಕಡೆ ಹೋದವನು ಅವರಿಂದಲೇ ಸರ್ವೆ ಕಲಿತ ಸಹೋದ್ಯೋಗಿ ರಾಜಣ್ಣ, ಮೂವತ್ತನಾಲ್ಕರ ಹರೆಯದವನು, ಎಲ್ಲರನ್ನೂ ಅಕ್ಕ ಅಣ್ಣ ಎಂದು ಕರೆದು ಕೆಲಸ ಮುಗಿಸುವ ಜಾತಿ. ಎರಡು ದಿನ ಮೊದಲೇ ಕೆಲಸ ಶುರುಮಾಡಿದ್ದ ಅವನಿಂದ ಮಂಗಳವಾರ ಬೆಳಗ್ಗೆಯೇ ಮೊಬೈಲಿಗೆ ಸಂದೇಶ ಬಂದಿತ್ತು: "ಸಾರ್, ನಂದು ಮೂವತ್ತೆಂಟು ಆಯ್ತು. ನಿಮ್ದು?" ಬಸವಕುಮಾರರದು ಸೊನ್ನೆ.

ಸೋಮವಾರ ಪ್ರಶ್ನೆ ಕೇಳುವ ಕೆಲಸವೇನೋ ಮುಗಿದಿತ್ತು. ಸಂದರ್ಶನ ಗೋಪ್ಯವಾಗಿರಬೇಕು, ಮೂರನೆಯವರು ಹತ್ತಿರ ಇರಬಾರದು ಎಂಬುದು ನಮೂನೆಯ ಮೇಲೆ ಅಚ್ಚಾದ ನಾಲ್ಕನೆಯ ನಿಯಮ. ಅದರಂತೆ ಕೆಂಚಯ್ಯನ ಜಗಲಿಯಲ್ಲಿ ಕೆಂಚಯ್ಯನೊಬ್ಬನನ್ನೇ ಕೂರಿಸಿಕೊಂಡರು. ಬೀದಿಯ ಇಪ್ಪತ್ತು ಜನ ಜಗಲಿಯ ಕೆಳಗೆ ನಿಂತು ಗೋಪ್ಯತೆಯನ್ನು ಕಾಪಾಡಿದರು.

ಕೆಂಚಯ್ಯನಿಗೆ ಎಪ್ಪತ್ತರ ಹತ್ತಿರ. ಎರಡು ಹಸು, ಮಳೆ ನಂಬಿದ ಮೂರು ಎಕರೆ ಮುಸುಕಿನ ಜೋಳ.

"ಧೂಮಪಾನ ಮಾಡುತ್ತೀರಾ?"

"ಇಲ್ಲ ಸಾ. ಬೀಡಿ ಸೇದ್ತೀನಿ."

"ಬಳಕೆಗೆ ಮುಖ್ಯ ಕಾರಣ? ಒಂದು, ಸ್ನೇಹಿತರ ಒತ್ತಾಯ. ಎರಡು, ಮಾನಸಿಕ ಒತ್ತಡ. ಮೂರು, ಜಾಹೀರಾತು. ನಾಲ್ಕು, ಮೋಜು. ಐದು, ಇತರೆ."

ಕೆಂಚಯ್ಯ ಯೋಚಿಸಿದ. "ಅಂದಿ, ಸಾ."

"ಏನು?"

"ಅಂದಿ. ಕಾಡಂದಿ. ಜೋಳ ತೆನೆ ಕಟ್ಟದಾಗ ಅಟ್ಟಣೆ ಮ್ಯಾಲ ಕೂತು ಕಾಯ್ಬೇಕು. ಬೀಡಿ ಬುಟ್ರ ನಿದ್ದ ಬತ್ತದ, ನಿದ್ದ ಬಂದ್ರ ಅಂದಿ ಬತ್ತವ. ನೀವು ಅಂದೀಗ ಏಳಿ ಸಾ, ಸಂಜಗೇ ಬಂದು ಓಗಿ ಅಂತ. ನಾನು ಬೀಡಿ ಬುಟ್ಬುಡ್ತೀನಿ."

ಬೀದಿ ನಕ್ಕಿತು. ಬಸವಕುಮಾರರು ನಗಲಿಲ್ಲ, ವಿಜ್ಞಾನದಲ್ಲಿ ಹಂದಿಗೆ ಸಂಕೇತ ಸಂಖ್ಯೆ ಇರಲಿಲ್ಲ. 'ಇತರೆ'ಗೆ ಗುರುತು ಹಾಕಿದರು. ಅದರ ಕೆಳಗೆ 'ವಿವರಿಸಿ' ಎಂದು ಒಂದು ಗೆರೆ ಇತ್ತು. ಇಪ್ಪತ್ತೆರಡು ವರ್ಷದಲ್ಲಿ ಅವರು ಆ ಗೆರೆಯ ಮೇಲೆ ಏನನ್ನೂ ಬರೆದಿರಲಿಲ್ಲ. ಅವತ್ತೂ ಬರೆಯಲಿಲ್ಲ.

ಮುಂದಿನ ಮನೆಯ ಪುಟ್ಟಮಾದಮ್ಮ ಬಾಯಿ ತುಂಬ ಎಲೆಯಡಿಕೆ, ಹೊಗೆಸೊಪ್ಪು ತುಂಬಿಕೊಂಡೇ, "ನಂಗ್ಯಾವ ಚಟಾನೂ ಇಲ್ಲ ಕನ ಸಾ" ಎಂದಳು. ಬಸವಕುಮಾರರು ಆಕೆಯ ಅಜ್ಞಾನಕ್ಕೆ ಮರುಗಿ, ತಂಬಾಕು ಯಾವ ರೂಪದಲ್ಲಿದ್ದರೂ ತಂಬಾಕೇ ಎಂದು ಹತ್ತು ನಿಮಿಷ ತಿಳಿವಳಿಕೆ ಹೇಳಿದರು. ಆಮೇಲೆ ಗಾಡಿಯ ಮರೆಗೆ ಹೋಗಿ ತಮ್ಮ ಔಷಧಿ ತೆಗೆದುಕೊಂಡರು.

ಮಂಗಳವಾರ ಬೆಳಗ್ಗೆ ಆರೂವರೆಗೆ ಹಾಲಿನ ಡೈರಿಯ ಮುಂದೆ ಟೇಬಲ್ಲು ಹಾಕಿ, ಕೆಂಪು ಮುಚ್ಚಳದ ಪುಟ್ಟ ಸೀಸೆಗಳನ್ನು ಸಾಲಾಗಿ ಜೋಡಿಸಿಕೊಂಡು ಕೂತರು. ಹಾಲು ಹಾಕಲು ಊರೆಲ್ಲ ಅಲ್ಲಿಗೇ ಬರುತ್ತದೆ; ಹೊಟ್ಟೆಗೆ ಏನೂ ತಿನ್ನದೆ ಬನ್ನಿ ಎಂದು ಹಿಂದಿನ ದಿನವೇ ಹೇಳಿದ್ದರು. ಒಂದೇ ಗಂಟೆಯಲ್ಲಿ ನಲವತ್ತು ಮುಗಿಸಿ, ಮಧ್ಯಾಹ್ನದ ಊಟಕ್ಕೆ ಮೇಲ್ವಿಚಾರಕರಾಗಿ ಕೊಳ್ಳೇಗಾಲ ಸೇರುವುದು ಅವರ ಲೆಕ್ಕಾಚಾರ. ಮೊದಲು ಬಂದವಳು ಪುಟ್ಟಮಾದಮ್ಮ.

"ಇವತ್ತೇನ ಕೇಳಾಕ ಬಂದ್ರಿ ಸಾ?"

"ಕೇಳೋದು ಮುಗೀತಮ್ಮ. ಇದರೊಳಗೆ ಸ್ವಲ್ಪ ಎಂಜಲು ಉಗಿದು ಕೊಡಿ."

ಪುಟ್ಟಮಾದಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಅಯ್ಯೋ ಶಿವನೇ! ಬಾಗಲ್ಗ ಬಂದೋರ್ಗ ನೀರ ಕೊಡ್ತೀವಿ, ಮಜ್ಗ ಕೊಡ್ತೀವಿ. ಎಂಜಲ ಕೊಡದಾ? ನಮ್ಮವ್ವ ನಂಗ ಅಂಗ ಬೆಳುಸ್ನಿಲ್ಲ ಕನ ಸಾ."

"ಇದು ಅವಮಾನವಲ್ಲಮ್ಮ, ಪರೀಕ್ಷೆ."

"ಏನಾರಾ ಆಗ್ಲಿ. ನೀವು ನೋಡಿದ್ರ ದೊಡ್ಡೋರು, ಕನ್ನಡ್ಕ ಆಕಂಡಿರೋರು. ನಿಮ್ ಕೈಗ ನಾನು ಎಂಜಲ ಕೊಟ್ರ, ಆ ಪಾಪ ಕಳಿಯಾಕ ಇನ್ನೆಷ್ಟು ಸಲ ಉಟ್ಬೇಕೋ."

ಹಾಲಿನ ಕ್ಯಾನು ಹಿಡಿದವರು ಒಬ್ಬೊಬ್ಬರಾಗಿ ಸುತ್ತ ನಿಂತರು. ಯಾರೂ ಸೀಸೆ ಮುಟ್ಟಲಿಲ್ಲ. ಅಷ್ಟರಲ್ಲಿ ಕೆಂಚಯ್ಯ ಮುಂದೆ ಬಂದ. ಅವನ ದನಿ ನಿನ್ನೆಯದಲ್ಲ.

"ಒಂದ್ ಮಾತ ಕೇಳ್ತೀನಿ ಸಾ, ಬೇಜಾರ ಮಾಡ್ಕಬ್ಯಾಡಿ. ನೆನ್ನ ನಮ್ಮ ಎಸ್ರ ಬರ್ಕಂಡ್ರಿ. ಅಪ್ಪನೆಸ್ರ ಬರ್ಕಂಡ್ರಿ. ಅವ್ವನೆಸ್ರೂ ಬರ್ಕಂಡ್ರಿ. ಉಟ್ಟಿದ್ದು ಯಾವತ್ತು ಅಂದ್ರಿ."

"ಹೌದು. ನಮೂನೆಯಲ್ಲಿ ಇದೆ."

"ಇವತ್ತು ಬಂದು ಎಂಜಲ ಕೇಳ್ತಿದ್ದೀರಿ. ಅದೂ ಒಟ್ಗ ಏನೂ ತಿನ್ನದ ಬರ್ಬೇಕು ಅಂತೀರಿ. ಕೆಂಪು ಮುಚ್ಳ. ಇವತ್ತು ಮಂಗಳವಾರ. ಮ್ಯಾಲ ಅಮಾಸ."

ಅಮಾವಾಸ್ಯೆಯ ಸಂಗತಿ ಬಸವಕುಮಾರರಿಗೆ ಹೊಳೆದದ್ದೇ ಆಗ. ಕಾರ್ಯಕ್ರಮದ ಪಟ್ಟಿ ಮೈಸೂರಿನಲ್ಲಿ ತಯಾರಾಗಿತ್ತು. ಅಲ್ಲಿನ ಕಂಪ್ಯೂಟರಿಗೆ ಪಂಚಾಂಗ ಬರುತ್ತಿರಲಿಲ್ಲ.

"ಯಾವೂರಂದ್ರಿ ತಮ್ದು?"

ಹೊನ್ನೂರು ಎಂದಿದ್ದರೆ ಉಳಿಯುತ್ತಿದ್ದರೋ ಏನೋ. ಆದರೆ ಹಳ್ಳಿಗೆ ಹೋದಾಗ ಪೇಟೆಯ ಹೆಸರು ಹೇಳುವುದು ಅವರ ಹಳೆಯ ಹೆಮ್ಮೆ. ಬೆನ್ನು ನೆಟ್ಟಗೆ ಮಾಡಿಕೊಂಡು, "ಕೊಳ್ಳೇಗಾಲ" ಎಂದರು.

ಡೈರಿಯ ಮುಂದಿನ ಗುಂಪು ಒಂದು ಹೆಜ್ಜೆ ಹಿಂದೆ ಸರಿಯಿತು. ಒಬ್ಬಾಕೆ ಮಗುವನ್ನು ಸೊಂಟದ ಆ ಕಡೆಗೆ ಬದಲಿಸಿಕೊಂಡಳು. ಕೊಳ್ಳೇಗಾಲದ ಮಾಟದ ಕಥೆಯನ್ನು ಕೇಳದ ಕಿವಿ ಈ ರಾಜ್ಯದಲ್ಲಿಲ್ಲ. ನೋಡಿದ ಕಣ್ಣು ಮಾತ್ರ ಇದುವರೆಗೆ ಸಿಕ್ಕಿಲ್ಲ. ಇವತ್ತು ನೋಡುವ ಯೋಗ ತಮಗೇ ಬಂತೆಂದು ಲೊಕ್ಕನಹಳ್ಳಿ ತಿಳಿಯಿತು.

"ಇದು ವಿಜ್ಞಾನ ಕೆಂಚಯ್ಯನವರೇ! ವಿದ್ಯೆ!"

"ಅವ್ರೂ ವಿದ್ಯ ಅಂತ್ಲೇ ಅನ್ನದು ಸಾ."

ಮೊಬೈಲು ಟಿಣ್ ಎಂದಿತು. ರಾಜಣ್ಣ: "ಸಾರ್, ಮೂವತ್ತೊಂಬತ್ತು." ಬಸವಕುಮಾರರ ಕಣ್ಣ ಮುಂದೆ ಕುರ್ಚಿಯೊಂದು ನಿಧಾನವಾಗಿ ಸುತ್ತಿ, ಯಳಂದೂರಿನ ಕಡೆಗೆ ಮುಖ ಮಾಡಿತು.

"ನಿಮ್ಮ ಅನುಮಾನ ಹೋಗಬೇಕಾದರೆ ಏನು ಮಾಡಬೇಕು, ಹೇಳಿ" ಎಂದರು.

ಕೆಂಚಯ್ಯ, ಪುಟ್ಟಮಾದಮ್ಮ ಪರಸ್ಪರ ಮುಖ ನೋಡಿಕೊಂಡರು. ತೀರ್ಮಾನ ಹೇಳಿದವನು ಕೆಂಚಯ್ಯ. "ಮೊದ್ಲು ನೀವು ಉಗೀರಿ. ನಿಮ್ಮೆಂಜಲು ನಮ್ಮೂರಲ್ಲಿರ್ಲಿ. ನಮ್ದು ನಿಮ್ ಪೆಟ್ಗೇಲಿರ್ಲಿ. ನಮ್ಗೇನಾರಾ ಆದ್ರ ನಿಮ್ಗೂ ಆಯ್ತದ. ಒಬ್ರಿಗೊಬ್ರು ಜಾಮೀನು. ಆಗ್ಬೋದಾ?"

ಬಸವಕುಮಾರರು ಕ್ಷಣ ಯೋಚಿಸಿದರು. ಪಟ್ಟಿ ಹಿಡಿಯುವುದು ತಂಬಾಕನ್ನು. ತಾವು ತೆಗೆದುಕೊಳ್ಳುವುದು ಔಷಧಿ. ಅಲ್ಲದೆ ಹನೂರಿನಲ್ಲಿ ಇಳಿದು ಟೀ ಕುಡಿದು ಬಾಯಿ ಮುಕ್ಕಳಿಸಿಯೂ ಆಗಿತ್ತು. "ಆಗಬಹುದು" ಎಂದು, ಊರೆಲ್ಲ ನೋಡುತ್ತಿರುವಂತೆ ಘನತೆಯಿಂದ ಉಗಿದರು. ಒಂದನೇ ನಂಬರಿನ ಪಟ್ಟಿಯ ಮೇಲೆ ಹನಿ ಬಿಟ್ಟರು.

ಪಟ್ಟಿಗೆ ಹತ್ತು ನಿಮಿಷ ಬೇಕು; ಸೊನ್ನೆ ಎಂದರೆ ತಂಬಾಕಿಲ್ಲ ಎಂದಷ್ಟೇ ಊರಿಗೆ ತಿಳಿಸಿದರು. ಐವತ್ತು ತಲೆ ಟೇಬಲ್ಲಿನ ಮೇಲೆ ಬಗ್ಗಿದವು. ಬಣ್ಣ ಒಂದಕ್ಕೆ ಬಂತು, ಎರಡು ದಾಟಿತು, ಮೂರರಲ್ಲಿ ಒಂದಿಷ್ಟು ನಿಂತಂತೆ ಮಾಡಿ ಬಸವಕುಮಾರರಿಗೆ ಆಸೆ ಹುಟ್ಟಿಸಿ, ಮತ್ತೆ ಏರಿತು. ಆರಕ್ಕೆ ಹೋಗಿ ಮುಟ್ಟಿತು. ಅದರ ಮೇಲೆ ಅಂಕಿ ಇರಲಿಲ್ಲ.

"ಆರಂದ್ರ ಏನ್ ಸಾ?" ಯಾರೋ ಕೇಳಿದರು.

 ಊರಿಗೆಲ್ಲ ಉತ್ತರ ಹೇಳಿದವಳು ಪುಟ್ಟಮಾದಮ್ಮ. ಸೋಮವಾರದ ಹತ್ತು ನಿಮಿಷದ ತಿಳಿವಳಿಕೆಯನ್ನು ಆಕೆ ಬಾಯಿಪಾಠ ಮಾಡಿಕೊಂಡಿದ್ದಳು. "ಒಗೆಸೊಪ್ಪು ಕನ್ರೋ! ಸೊನ್ನ ಅಂದ್ರ ಏನೂ ಇಲ್ಲ, ಆರು ಅಂದ್ರ ಬಾಯ್ತುಂಬ. ಸಾಯೇಬ್ರು ನಮ್ ಕಡೇರೇ!"

ಏನಾಗಬಹುದೆಂದು ಬಸವಕುಮಾರರು ಹೆದರಿದ್ದರೋ ಅದಾಗಲಿಲ್ಲ. ಯಾರೂ ಛೀ ಎನ್ನಲಿಲ್ಲ. ಊರಿನ ಎದೆಯ ಮೇಲಿನ ಕಲ್ಲು ಇಳಿದಿತ್ತು. ಮಾಟಗಾರನಿಗೆ ನೇಮನಿಷ್ಠೆ ಇರುತ್ತದೆ, ಹೊಗೆಸೊಪ್ಪು ಹಾಕುವವನು ಮಾಟ ಮಾಡಲಾರ ಎಂದು ಕೆಂಚಯ್ಯ ಶಾಸ್ತ್ರ ಹೇಳಿದ. "ಮೊದ್ಲೇ ಏಳ್ಬಾರ್ದಾಗಿತ್ತಾ ಸಾ? ನೆನ್ನ ಅಷ್ಟೊತ್ತು ಒಣಬಾಯ್ಲಿ ಮಾತಾಡ್ಸಿದ್ವಲ್ಲ" ಎಂದು ತನ್ನ ಎಲೆಚೀಲವನ್ನೇ ಮುಂದೆ ಹಿಡಿದ.

ಮುಕ್ಕಾಲು ಗಂಟೆಯಲ್ಲಿ ನಲವತ್ತು ಸೀಸೆ ತುಂಬಿದವು. ಆಮೇಲೂ ಆರು ಜನ ಸಾಲಿನಲ್ಲಿ ನಿಂತು, ತಮ್ಮದೂ ನೋಡಬೇಕೆಂದು ಜಗಳ ತೆಗೆದರು. ಐದು ಬಂದ ಪುಟ್ಟಮಾದಮ್ಮ ಮುಖ ಸಪ್ಪೆ ಮಾಡಿಕೊಂಡು, "ಮೂವತ್ತು ವರ್ಸದಿಂದ ಆಕ್ತೀನಿ, ನಂಗ್ಯಾಕ ಒಂದು ಕಮ್ಮಿ ಕೊಟ್ರಿ?" ಎಂದು ದಾವೆ ಹೂಡಿದಳು. ಹೊರಡುವಾಗ ಕೆಂಚಯ್ಯ ಮರೆಯದೆ ಜಾಮೀನು ವಸೂಲು ಮಾಡಿದ. ಒಂದನೇ ನಂಬರಿನ ಪಟ್ಟಿ ಪ್ಲಾಸ್ಟಿಕ್ ಕವರಿನೊಳಗೆ ಸೇರಿ, ಡೈರಿಯ ಗೋಡೆಯ ಕ್ಯಾಲೆಂಡರಿನ ಹಿಂದೆ ಮೊಳೆಗೆ ನೇತುಬಿತ್ತು.

ಪ್ರತಿ ಪಟ್ಟಿಗೂ ರಿಜಿಸ್ಟರಿನಲ್ಲಿ ಒಂದು ಸಾಲು. ಬಸವಕುಮಾರರು ಅವತ್ತು ಸಂಜೆ ಒಂದನೇ ನಂಬರಿನ ಎದುರು "ಪ್ರಾತ್ಯಕ್ಷಿಕೆಯ ವೇಳೆ ಹಾಳಾಗಿದೆ" ಎಂದು ದುಂಡು ಅಕ್ಷರದಲ್ಲಿ ಬರೆದರು. ಔಷಧಿಯ ವಿಷಯದಲ್ಲಿ ಅವರು ಬೇಕಾದರೆ ತಮ್ಮನ್ನು ನಂಬಿಸಿಕೊಂಡಾರು. ಈ ಸಾಲನ್ನು ಬರೆಯುವಾಗ ಮಾತ್ರ ಸುಳ್ಳೆಂದು ಗೊತ್ತಿತ್ತು. ಬರೆದು, ಗಾಡಿಯ ಹತ್ತಿರ ಹೋಗಿ, ಡಬ್ಬಿ ತೆಗೆದರು.

ಶನಿವಾರ ಲೆಕ್ಕ ಒಪ್ಪಿಸಿದಾಗ ಡಾಕ್ಟರ್ ಸಿಂಧು ಎದ್ದು ನಿಂತರು. ನಲವತ್ತನೆಯವರು ಕೊನೆಗೂ ಒಪ್ಪದೆ ರಾಜಣ್ಣ ಮೂವತ್ತೊಂಬತ್ತಕ್ಕೇ ನಿಂತಿದ್ದ. ಮೂರು ತಾಲ್ಲೂಕುಗಳಲ್ಲಿ ನಲವತ್ತಕ್ಕೆ ನಲವತ್ತು ತಂದದ್ದು ಲೊಕ್ಕನಹಳ್ಳಿ ಒಂದೇ.

"ಹೇಗೆ ಸಾಧ್ಯವಾಯ್ತು ಸರ್?"

"ಜನರ ವಿಶ್ವಾಸ ಗಳಿಸಬೇಕು ಮೇಡಂ" ಎಂದರು ಬಸವಕುಮಾರರು. "ಅದು ಅನುಭವದಿಂದ ಬರುವಂಥದ್ದು."

"ಸೋಮವಾರ ನಾನೇ ಮರುಪರಿಶೀಲನೆಗೆ ಬರ್ತೀನಿ. ಅದೊಂದು ಮುಗಿದರೆ ನೀವೇ ಮೇಲ್ವಿಚಾರಕರು. ನಿಮ್ಮ ವಿಧಾನವನ್ನು ನಾವು ಎಲ್ಲ ಊರಲ್ಲೂ ಅಳವಡಿಸಬೇಕು."

ಆ ಭಾನುವಾರ ಬಸವಕುಮಾರರು ಮನೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಎಡಕ್ಕೂ ಬಲಕ್ಕೂ ತಿರುಗಿ ನೋಡಿಕೊಂಡರು. "ಬೆನ್ನು ನೋಯ್ತದಾ?" ಎಂದು ಶಿವಮ್ಮ ಕೇಳಿದಳು.

ಸೋಮವಾರ ಡೈರಿಯ ಮುಂದೆ ಜೀಪು ನಿಂತಾಗ, ಒಡೆಯರಪಾಳ್ಯದ ಕಡೆಯಿಂದ ಬಂದ ಬಸ್ಸಿನವರೂ ಇಣುಕಿ ನೋಡಿದರು. ಸಿಂಧು ಮೊದಲು ಮಾತಾಡಿಸಿದ್ದು ಪುಟ್ಟಮಾದಮ್ಮನನ್ನು. ಕೆಲಸದವರು ನಿಜವಾಗಿ ಬಂದಿದ್ದರಾ, ಒತ್ತಾಯ ಮಾಡಿದರಾ ಎಂದು ಕೇಳಿದರು.

"ಒತ್ತಾಯ ಯಾಕ ಮಾಡಾರವ್ವಾ? ಮೊದ್ಲು ಸಾಯೇಬ್ರೇ ಉಗುದ್ರಲ್ಲ! ಅವ್ರಂಗ ಇನ್ಯಾರ್ಗೂ ಬರ್ನಿಲ್ಲ. ಆರಕ್ಕ ಆರು!"

ಬಸವಕುಮಾರರು ಕೆಮ್ಮಿದರು. "ಅವರಿಗೆ ಸರಿಯಾಗಿ ನೆನಪಿಲ್ಲ ಮೇಡಂ. ಆ ಪಟ್ಟಿ ಹಾಳಾಗಿತ್ತು."

"ಆಳಾಗದಾ?" ಕೆಂಚಯ್ಯನಿಗೆ ಸಿಟ್ಟೇ ಬಂತು. ಊರಿನ ಮೇಲೆ ನಂಬಿಕೆಯಿಟ್ಟು ಕೊಟ್ಟ ಜಾಮೀನನ್ನು ಊರು ಹಾಳು ಮಾಡಿತೆಂದರೆ ಏನರ್ಥ? ಕ್ಯಾಲೆಂಡರ್ ಸರಿಸಿ ಕವರನ್ನು ತಂದು ಡಾಕ್ಟರ ಕೈಗೇ ಇಟ್ಟ. "ನೋಡ್ರವ್ವಾ. ಗೋಡ ಅಲ್ಲೀನೂ ಮುಟ್ಟಿಲ್ಲ. ಎಂಗ ಕೊಟ್ಟಿದ್ರೋ ಅಂಗೇ ಮಡಗಿದ್ದೀವಿ."

ಸಿಂಧು ಪಟ್ಟಿಯ ನಂಬರು ನೋಡಿದರು. ರಿಜಿಸ್ಟರ್ ತೆರೆದು ಮೊದಲ ಸಾಲು ಓದಿದರು. ಪಟ್ಟಿಯನ್ನು ಚೀಲಕ್ಕೆ ಹಾಕಿಕೊಳ್ಳಲು ಹೋದಾಗ ಕೆಂಚಯ್ಯ ಕೈ ಅಡ್ಡ ಹಿಡಿದ: ನಮ್ಮ ನಲವತ್ತನ್ನು ವಾಪಸು ಕೊಟ್ಟ ದಿನ ಇದನ್ನು ಕೊಡುತ್ತೇವೆ. ಆಕೆ ಫೋಟೊ ತೆಗೆದುಕೊಂಡು ಜೀಪು ಹತ್ತಿದರು.

 ಅರ್ಧ ದಾರಿಯಲ್ಲಿ, ಪಕ್ಕದಲ್ಲಿ ಕೂತ ಬಸವಕುಮಾರರನ್ನು ಸಿಂಧು ಕೇಳಿದರು. "ಎಷ್ಟು ವರ್ಷದಿಂದ ಸರ್?"

"ಅದು ಚಟ ಅಲ್ಲ ಮೇಡಂ. ಔಷಧಿ. ಹಲ್ಲುನೋವಿಗೆ."

"ಯಾವ ಹಲ್ಲು? ತೋರಿಸಿ."

ಬಸವಕುಮಾರರು ಬಾಯಿ ತೆರೆದು ಎಡದವಡೆಯಲ್ಲಿ ಬೆರಳಿಟ್ಟರು. ಬೆರಳು ಇಟ್ಟ ಕಡೆ ಹಲ್ಲಿರಲಿಲ್ಲ. ಅದು ಅವರಿಗೂ ಅಲ್ಲೇ, ಆಗಲೇ ಗಮನಕ್ಕೆ ಬಂದಂತೆ ಬೆರಳು ಖಾಲಿ ವಸಡಿನ ಮೇಲೆ ಅತ್ತಿತ್ತ ಓಡಾಡಿತು. ಸಿಂಧು ನಗಲಿಲ್ಲ. ಜೀಪು ನಿಲ್ಲಿಸಿ ಎಂದರು. ಮೊಬೈಲಿನ ಟಾರ್ಚು ಹಾಕಿ, "ಇನ್ನೂ ಅಗಲ ತೆರೀರಿ" ಎಂದರು. ಕೆನ್ನೆಯ ಒಳಗೆ, ಔಷಧಿ ಇಪ್ಪತ್ತೈದು ವರ್ಷ ಕೂತ ಜಾಗದಲ್ಲಿ, ಹೆಬ್ಬೆರಳ ಉಗುರಿನಷ್ಟು ಬಿಳಿಯ ಮಚ್ಚೆ.

"ಇದು ಎಷ್ಟು ದಿನದಿಂದ ಇದೆ?"

ಮರುಪ್ರಶ್ನೆ ಹಾಕಲು ಬಸವಕುಮಾರರಿಗೆ ಒಂದೂ ಹೊಳೆಯಲಿಲ್ಲ. "ಗೊತ್ತಿಲ್ಲ" ಎಂದರು.

ಮೈಸೂರಿನ ಆಸ್ಪತ್ರೆಯಲ್ಲಿ ಚೂರು ಮಾಂಸ ತೆಗೆದು ಪರೀಕ್ಷೆ ಮಾಡಿದರು. ಹತ್ತು ದಿನ ಕಾದದ್ದು. ಆ ಹತ್ತು ದಿನ ಬಸವಕುಮಾರರಿಗೆ ಕುರ್ಚಿಯ ನೆನಪು ಒಮ್ಮೆಯೂ ಬರಲಿಲ್ಲವೆಂದರೆ ಪರಿಸ್ಥಿತಿಯ ಗಾಂಭೀರ್ಯ ತಿಳಿಯಬಹುದು. ವರದಿ ಬಂತು: ಕ್ಯಾನ್ಸರ್ ಅಲ್ಲ, ಬಿಟ್ಟರೆ ಮಚ್ಚೆ ಮಾಯವಾಗಬಹುದು, ಬಿಡದಿದ್ದರೆ ಏನಾಗುವುದೋ ಹೇಳಲಾಗದು. ಅವತ್ತು ಸಂಜೆಯಿಂದಲೇ ಕುರ್ಚಿಯ ನೆನಪು ಮರಳಿ ಬಂತು.

ಆದರೆ ಕುರ್ಚಿ ರಾಜಣ್ಣನಿಗೆ ಹೋಗಿತ್ತು. "ಹೊಗೆಸೊಪ್ಪನ್ನಾದರೂ ಕ್ಷಮಿಸಬಹುದಿತ್ತು, ಹಾಳಾಗಿದೆ ಅಂತ ಬರೆದಿರಲ್ಲ, ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ" ಎಂದರು ಸಿಂಧು. ಕೆಲಸದಿಂದ ತೆಗೆಯಲಿಲ್ಲ. ಆರು ತಿಂಗಳು ಹಳ್ಳಿಗೆ ಹೋಗದೆ, ಕೊಳ್ಳೇಗಾಲದ ಕಚೇರಿಯಲ್ಲಿ ನಮೂನೆಗಳನ್ನು ಜೋಡಿಸುವ ಕೆಲಸ ಕೊಟ್ಟರು. ಕೂರಲು ಒಂದು ಸ್ಟೂಲು. ಕುರ್ಚಿಯಿಂದ ಬೆನ್ನನ್ನೂ ಎರಡು ಕೈಗಳನ್ನೂ ತೆಗೆದರೆ ಉಳಿಯುವ ಭಾಗ. ಜೊತೆಗೊಂದು ಷರತ್ತು: ತಂಬಾಕು ಬಿಡುವವರ ಗುಂಪಿಗೆ ಸೇರಬೇಕು, ತಿಂಗಳಿಗೊಮ್ಮೆ ಮನೆಗೆ ಬಂದು ಪ್ರಶ್ನೆ ಕೇಳುತ್ತಾರೆ. ಹೀಗೆ ಬಸವಕುಮಾರ್, ಎಂ.ಎ., ಸಂಶೋಧಕರು, ಅಧ್ಯಯನದ ಕಡತದಲ್ಲಿ 'ಲೊಕ್ಕನಹಳ್ಳಿ ನಲವತ್ತೊಂದು' ಆದರು.

ಮೂರನೆಯ ತಿಂಗಳು ಪ್ರಶ್ನೆ ಕೇಳಲು ಬಂದವನು ಮೇಲ್ವಿಚಾರಕ ರಾಜಣ್ಣನೇ. ಜಗಲಿಯಲ್ಲಿ ಕೂತ. ಶಿವಮ್ಮ ಕಾಫಿ ಕೊಟ್ಟು, ಬಾಗಿಲಿಗೆ ಒರಗಿ ನಿಂತಳು.

"ಮೂರನೆಯವರು ಹತ್ತಿರ ಇರುವಂತಿಲ್ಲ. ನಾಲ್ಕನೇ ನಿಯಮ" ಎಂದರು ಬಸವಕುಮಾರರು.

"ಅಕ್ಕ ಮೂರನೆಯವರು ಹೆಂಗಾಯ್ತಾರೆ ಸಾರ್?" ಎಂದ ರಾಜಣ್ಣ. "ಕಳೆದ ಮೂವತ್ತು ದಿನಗಳಲ್ಲಿ ಎಷ್ಟು ಬಾರಿ ತಂಬಾಕು ಬಳಸಿದ್ದೀರಿ?"

"ಬಳಸುವುದು ಎಂದರೆ? ಬಾಯಲ್ಲಿಟ್ಟು ತಕ್ಷಣ ಉಗಿದರೂ ಸೇರುತ್ತದೆಯೇ? ಪ್ರಶ್ನೆಯೇ ಸರಿಯಾಗಿಲ್ಲ. ಯಾರಯ್ಯ ಇದನ್ನು ಬರೆದದ್ದು?"

"ಸಾರ್, ಸಂಖ್ಯೆ ಹೇಳಿ."

ಬಸವಕುಮಾರರು ಅಂಗಳದ ಕಡೆ ನೋಡಿದರು. ಟಿವಿಎಸ್ ನಿಂತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಜನ ತಮ್ಮ ಎದುರು ಹೀಗೆ ಅಂಗಳ ನೋಡಿದ್ದರೋ. "ಎರಡು" ಎಂದರು.

"ಮೂರು" ಎಂದಳು ಶಿವಮ್ಮ. "ಬುಧವಾರದ್ದ ಬುಟ್ರಿ."

"ನಿಂಗೆ ಹೆಂಗೆ ಗೊತ್ತು?"

"ನಿಮ್ಗ ಕನ್ನಡ್ಕ ಬಂದದ್ದು ಓದ ವರ್ಸ. ಕನ್ನಡ್ಕದ ಡಬ್ಬಿ ನಮ್ ಮದ್ವಾದ ಮೂರ್ನೇ ದಿನ್ದಿಂದ ಗಾಡೀಲಿ ಅದ. ನಂಗೇನ ಕಣ್ ಕಾಣಲ್ವಾ? ಅಲ್ಲ, ಊರೋರ ಬಾಯೆಲ್ಲ ಸರ್ವೆ ಮಾಡ್ಕ ಬಂದ್ರಿ, ಮನೇಲಿ ನನ್ನ ಒಂದಿನ ಕೇಳ್ನಿಲ್ಲ. ಕೇಳಿದ್ರ ಆವತ್ತೇ ಏಳ್ತಿದ್ದೆ."

 ಬಸವಕುಮಾರರ ನಾಲಿಗೆ ತಾನಾಗಿಯೇ ಕೆನ್ನೆಯ ಒಳಗೆ ಹೋಗಿ, ಆ ಜಾಗವನ್ನು ಮುಟ್ಟಿ ನೋಡಿ ಬಂತು. ಮಚ್ಚೆ ಅರ್ಧ ಕರಗಿದೆ ಎಂದು ಡಾಕ್ಟರು ಹೇಳಿದ್ದರು. ಅರ್ಧ ಇನ್ನೂ ಇತ್ತು.

"ಮೂರು ಅಂತ ಬರ್ಕೊ" ಎಂದರು.

"ಬುಧವಾರದ್ದಕ್ಕೆ ಕಾರಣ? ಸ್ನೇಹಿತರ ಒತ್ತಾಯ, ಮಾನಸಿಕ ಒತ್ತಡ, ಜಾಹೀರಾತು, ಮೋಜು..."

"ಇತರೆ."

ರಾಜಣ್ಣ ಐದಕ್ಕೆ ಗುರುತು ಹಾಕಿ ಹಾಳೆ ತಿರುವಲು ಹೋದ. ಬಸವಕುಮಾರರು ಹಾಳೆಯ ಮೇಲೆ ಕೈಯಿಟ್ಟರು.

"ಕೆಳಗೆ 'ವಿವರಿಸಿ' ಅಂತ ಗೆರೆ ಇದೆಯಲ್ಲಯ್ಯ."

"ಅದನ್ನ ಯಾರು ತುಂಬ್ತಾರೆ ಸಾರ್? ನೀವೇ ಹೇಳಿಕೊಟ್ಟಿದ್ರಲ್ಲ, ಬಿಟ್ಟು ಮುಂದೆ ಹೋಗಬೇಕು ಅಂತ."

"ಬರಿ. ಕುರ್ಚಿ ಅಂತ ಬರಿ. ಬುಧವಾರ ನಿನ್ನ ಸುತ್ತುವ ಕುರ್ಚಿ ಲಾರಿಯಿಂದ ಇಳೀತಲ್ಲ. ಅದನ್ನು ಮಹಡಿಗೆ ಹೊತ್ತುಕೊಂಡು ಹೋದವನು ಯಾರು?"

ರಾಜಣ್ಣ ಕೆಳಗೆ ನೋಡಿಕೊಂಡು ಬರೆದ. ಗೆರೆ ಗಿಡ್ಡ, 'ಕುರ್ಚಿ' ಎಂಬುದಷ್ಟೇ ಹಿಡಿಯಿತು. ನಂತರ ಸೀಸೆಯ ಕೆಂಪು ಮುಚ್ಚಳ ತೆಗೆದು ಮುಂದೆ ಹಿಡಿದ. ಬಸವಕುಮಾರರು ಉಗಿದರು. ಈ ಸಲ ಘನತೆಯ ಕಡೆ ಗಮನ ಕೊಡಲಿಲ್ಲ.

"ಇನ್ನೊಂದು ಕೆಲಸ ಇದೆ" ಎಂದರು, ಪಟ್ಟಿಯ ಬಣ್ಣಕ್ಕಾಗಿ ಕಾಯುತ್ತಾ. "ಲೊಕ್ಕನಹಳ್ಳಿಯ ಕಟ್ಟಿನಲ್ಲಿ ಕೆಂಚಯ್ಯನ ನಮೂನೆ ತೆಗೆದು, ಅದೇ ಗೆರೆಯ ಮೇಲೆ ಹಂದಿ ಅಂತ ಬರಿ. ಕಾಡುಹಂದಿ. ನಾನು ಬರೆದರೆ ತಿದ್ದಿದ ಹಾಗಾಗುತ್ತೆ. ನೀನು ಮೇಲ್ವಿಚಾರಕ, ನೀನೇ ಬರೆದು ಸಹಿ ಹಾಕು."

"ಅಂದಿನಾ?" ಎಂದು ಶಿವಮ್ಮ ಬಾಗಿಲಿಂದ ಒಂದು ಹೆಜ್ಜೆ ಮುಂದೆ ಬಂದಳು.

ಬಸವಕುಮಾರರು ಹೆಂಡತಿಯ ಕಡೆ ತಿರುಗಿದರು. ಮರುಪ್ರಶ್ನೆ ಹಾಕಲಿಲ್ಲ. ಲೊಕ್ಕನಹಳ್ಳಿಯ ಸೋಮವಾರದಿಂದ ಶುರುಮಾಡಿ, ಎಲ್ಲವನ್ನೂ ಹೇಳಲು ಕೂತರು.